ತೊಟ್ಟಿಲು ಎಳೆಯುವ ಕರೆಂಟು

ಗುಜರಿಯಿಂದ ತಂದ ಕಾರಿನ ವೈಪರ್ ಮೋಟಾರನ್ನು ಅಕ್ಕನ ಮಗುವಿನ ತೊಟ್ಟಿಲಿಗೆ ಜೋಡಿಸಿಕೊಟ್ಟವನು ನಾನೇ. "ಮಳೆನೀರು ಒರೆಸೋದನ್ನ ತಂದು ನನ್ನ ಮಗನ್ನ ತೂಗಿಸ್ತೀಯಲ್ಲೋ ಮಹಾರಾಯ!" ಎಂದು ಭಾವ ನಕ್ಕಿದ್ದರು. ಬ್ಯಾಟರಿ ಎಷ್ಟು ಖರ್ಚಾಗುತ್ತದೆಂದು ತಿಳಿಯಲು ಆಂಪಿಯರ್ ಮೀಟರನ್ನೂ ಕೂರಿಸಿದ್ದೆ. ತೊಟ್ಟಿಲು ಖಾಲಿಯಿದ್ದರೆ ಮುಳ್ಳು ಎರಡರ ಮೇಲೆ ನಿಲ್ಲುತ್ತಿತ್ತು. ಮಗು ಮಲಗಿದರೆ ಆ ಭಾರಕ್ಕೆ ಮೂರಕ್ಕೆ ಏರುತ್ತಿತ್ತು.

ಮಗು ಜ್ವರದಲ್ಲಿ ತೀರಿಕೊಂಡಿತು. ಮೋಟಾರು ಬಿಚ್ಚಿ ಒಯ್ಯುವಂತೆ ಭಾವ ಹೇಳಿಕಳಿಸಿದರು. ಮಧ್ಯಾಹ್ನ ಹೋದೆ. "ಒಂದೇ ಒಂದು ಸಲ ತೂಗಿಸೋ," ಎಂದಳು ಅಕ್ಕ. ಸ್ವಿಚ್ ಒತ್ತಿದೆ. ಮುಳ್ಳು ಮೂರಕ್ಕೆ ಹೋಗಿ ನಿಂತಿತು.

ಹಾಸಿಗೆ ತೆಗೆದೆ, ಕೀಲುಗಳಿಗೆ ಎಣ್ಣೆ ಬಿಟ್ಟೆ. ಆಗಲೂ ಮೂರೇ. ಒಳಗಿನ ಹಲಗೆಯ ಮೇಲೆ ಕೈಯಿಟ್ಟೆ. ನಡುವೆ ಒಂದು ಕಡೆ ಮಾತ್ರ ಬೆಚ್ಚಗಿತ್ತು.

"ಎಷ್ಟು ತೋರಿಸ್ತಿದೆ?"

"ಎರಡು, ಅಕ್ಕ."

"ಸುಳ್ಳು ಹೇಳ್ಬೇಡ ಕಣೋ. ಅವನು ಮಲಗಿದ್ದಾಗ ಬರ್ತಿದ್ದ ಸದ್ದೇ ಇದು. ದಮ್ಮಯ್ಯ ಅಂತೀನಿ, ಬಿಚ್ಬೇಡ."

ಬಿಚ್ಚದೆ ಬಂದೆ. ಭಾವ ಈಗ ಆ ಕೋಣೆಗೆ ಕಾಲಿಡುವುದಿಲ್ಲ. ಮೊನ್ನೆ ಹೊಸ ಬ್ಯಾಟರಿ ಹಾಕಲು ಹೋದಾಗ ಮುಳ್ಳು ನಾಲ್ಕನ್ನು ದಾಟಿತ್ತು. ಮಗು ಬದುಕಿದ್ದರೆ ಇಷ್ಟರಲ್ಲಿ ನಡೆಯುತ್ತಿತ್ತು.

"ಈ ತೊಟ್ಟಿಲು ಸಾಲ್ತಿಲ್ಲ ಕಣೋ, ಸ್ವಲ್ಪ ಉದ್ದಂದು ಮಾಡಿಕೊಡು," ಎಂದಳು ಅಕ್ಕ. ಎಷ್ಟು ಉದ್ದ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವಳೇ ಎರಡೂ ಕೈ ಅಗಲಿಸಿ ತೋರಿಸಿದಳು.