ಕೆಂಪು ಗೆರೆಯಿಂದ ಕೆಳಗೆ

ಸೋಮವಾರ ಬೆಳಿಗ್ಗೆ, ಬೇಕರಿಯಲ್ಲಿ ಊರಿನ ಅರ್ಧ ಜನ ಸಾಲುಗಟ್ಟಿ ನಿಂತಿದ್ದ ಹೊತ್ತಿನಲ್ಲೇ, ಶಾಲೆಯ ಮೇಷ್ಟ್ರು ಎಲ್ವಿಯೊ ಕೌಂಟರಿನ ಮುಂದೆ ಬಂದು ಗಂಟಲು ಸರಿಮಾಡಿಕೊಂಡ.

"ಸಿನ್ಯೋರಾ, ನೀವು ದಯವಿಟ್ಟು ಒಂದು ರೈ ಬ್ರೆಡ್ ಕೊಡ್ತೀರಾ?"

ನೀವು! ಕೌಂಟರಿನ ಹಿಂದಿದ್ದ ಓರ್ನೆಲ್ಲಾಳ ಕೈ ಬ್ರೆಡ್ಡಿನ ಮೇಲೆಯೇ ನಿಂತುಬಿಟ್ಟಿತು. ನಿನ್ನೆ ತಾನೇ ಇದೇ ಮಹಾನುಭಾವ ಬೆಟ್ಟದ ನೆತ್ತಿಯಲ್ಲಿ ಅವಳ ಮೂಗಿಗೆ ಅಂಟಿದ್ದ ಬಿಳಿ ಬಂಡೆಪುಡಿಯನ್ನು ಬೆರಳಿನಿಂದ ಒರೆಸಿ, "ನಗಬೇಡ ಕಣೇ, ನೀನು ನಕ್ಕರೆ ನನ್ನ ಕಾಲು ನಡುಗುತ್ತೆ" ಅಂದಿದ್ದ. ಅವಳು ಆ ಮಾತನ್ನು ರಾತ್ರಿಯಿಡೀ ದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದಳು.

ಅವಳು ಬಿಸಿ ಬ್ರೆಡ್ಡನ್ನು ಬಿಟ್ಟು, ಹಿಂದಿನ ತಟ್ಟೆಯಿಂದ ಒಂದನ್ನು ತೆಗೆದು ದಡ್ ಎಂದು ಇಟ್ಟಳು.

"ತಗೊಳ್ಳಿ ಮೇಷ್ಟ್ರೇ. ಇದು ನಿನ್ನೇದು. ನಿನ್ನೇದೇ ಚೆನ್ನಾಗಿತ್ತು."

ಸಾಲಿನಲ್ಲಿದ್ದ ಜೆಮ್ಮಜ್ಜಿ ಮೊಟ್ಟೆಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿ, ಇಬ್ಬರ ಮುಖವನ್ನೂ ಬಿಡದೆ ನೋಡಿದಳು. ಪಾಪದ ಎಲ್ವಿಯೊ ಒಣಗಿದ ಬ್ರೆಡ್ಡನ್ನು ಎದೆಗೊತ್ತಿಕೊಂಡು ಹೋದ.

ಅವನದೂ ತಪ್ಪಿಲ್ಲ ಅನ್ನಿ. ಆ ಕಣಿವೆಯ ರೀತಿಯೇ ಹಾಗೆ. ಎರಡು ಸಾವಿರ ಮೀಟರ್ ಮೇಲೆ ಹೋದವರು ಜಡ್ಜ್ ಆಗಲಿ ಪಾದ್ರಿಯಾಗಲಿ, ಎಲ್ಲರೂ ಎಲ್ಲರಿಗೂ 'ನೀನು'. ಗುರುತಿಗೆಂದು ಹಾದಿಯ ಬಂಡೆಯೊಂದಕ್ಕೆ ಕೆಂಪು ಗೆರೆ ಬಳಿದಿದ್ದಾರೆ. ಇಳಿಯುವಾಗ ಗೆರೆ ದಾಟಿದಿರೋ, ಮತ್ತೆ 'ನೀವು'. ಈ ಬೇಸಿಗೆಯಿಡೀ ಓರ್ನೆಲ್ಲಾ ಮತ್ತು ಎಲ್ವಿಯೊ ಭಾನುವಾರಗಳಲ್ಲಿ ಜೊತೆಯಾಗಿ ಹತ್ತಿದ್ದರು, ಜೊತೆಯಾಗಿ ಇಳಿದಿದ್ದರು, ಗೆರೆಯ ಹತ್ತಿರ ಬಂದಾಗಲೆಲ್ಲ ಅವಳ ಎದೆ ಡವಗುಟ್ಟಿತ್ತು. ಇವತ್ತಾದರೂ ಆ 'ನೀನು' ಗೆರೆ ದಾಟಿ ತನ್ನ ಜೊತೆ ಊರಿಗೆ ಬಂದೀತೇ? ಬಂದಿರಲಿಲ್ಲ. ಮೇಲೆ ಮಾತ್ರ ಪ್ರೀತಿಸುವ ಗಂಡು ತನಗೆ ಬೇಡ ಎಂದು ಆ ವಾರ ಹಿಟ್ಟು ನಾದುತ್ತಾ ತೀರ್ಮಾನಿಸಿದಳು. ಮುಂದಿನ ಭಾನುವಾರವೇ ಕೊನೆ.

ಭಾನುವಾರ ಅವನು ಬೆಟ್ಟದ ಬುಡದಲ್ಲಿ ಕಾಫಿ ಫ್ಲಾಸ್ಕ್ ಹಿಡಿದು ಕಾಯುತ್ತಿದ್ದ.

"ಬಂದ್ರಾ? ನೀವು ಬರಲ್ಲವೇನೋ ಅಂದ್ಕೊಂಡಿದ್ದೆ."

"ಯಾಕೆ, ಬೆಟ್ಟ ಏನು ನಿಮ್ಮಪ್ಪನದ್ದಾ ಮೇಷ್ಟ್ರೇ?"

ಕೆಂಪು ಗೆರೆ ದಾಟಿದ್ದೇ ತಡ, ಅವನು ನೆಮ್ಮದಿಯಿಂದ ತಿರುಗಿ ನಿಂತ. "ಅಬ್ಬಾ! ಈಗ ಹೇಳು. ಏನಾಗಿದೆ ನಿನಗೆ?"

"ಏನೂ ಆಗಿಲ್ಲ. ನೀವು ನಡೀರಿ ಮುಂದೆ."

"ಗೆರೆ ದಾಟಿದ್ವಲ್ಲ?"

"ನೋಡಿದೆ. ನನ್ನ ಕಣ್ಣು ಚೆನ್ನಾಗೇ ಇದೆ."

ಅಲ್ಲಿ, ಆ ಎತ್ತರದಲ್ಲಿ, ಒಬ್ಬರನ್ನು 'ನೀವು' ಅನ್ನುವುದೆಂದರೆ ಮುಖಕ್ಕೆ ಹೊಡೆದಂತೆ. ಎಲ್ವಿಯೊನ ಕಿವಿ ಕೆಂಪಾಯಿತು. ಅದನ್ನು ನೋಡಿ ಅವಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ಅಲ್ಲಿಂದ ಮುಂದೆ ಕಡಿದಾದ ಗೋಡೆ. ಬಂಡೆಗೆ ಗೂಟ ಹೊಡೆದು ಉಕ್ಕಿನ ಹಗ್ಗ ಬಿಗಿದಿದ್ದಾರೆ. ಸೊಂಟಪಟ್ಟಿಯಿಂದ ಇಳಿಬಿಟ್ಟ ಎರಡು ಕೊಕ್ಕೆಗಳನ್ನು ಹಗ್ಗಕ್ಕೆ ಸಿಕ್ಕಿಸಿಕೊಂಡು ಅಡ್ಡಡ್ಡ ಸರಿಯಬೇಕು. ಗೂಟ ಬಂದಾಗ ಒಂದು ಕೊಕ್ಕೆಯನ್ನು ಬಿಚ್ಚಿ ಆಚೆ ಹಾಕಿ, ಆಮೇಲೆ ಇನ್ನೊಂದನ್ನು ಬಿಚ್ಚಬೇಕು. ಎರಡು ಗೂಟಗಳ ನಡುವೆ ಒಬ್ಬರೇ ಇರಬೇಕು. ಕಾಲೂರಲು ಹಲಗೆಯಷ್ಟು ಜಾಗ, ಹಿಮ್ಮಡಿಯ ಕೆಳಗೆ ಗಾಳಿ, ಇನ್ನೂ ಕೆಳಗೆ ಪಾಚಿ ಬೆಳೆದಂತೆ ಕಾಣುವ ಪೈನ್ ಕಾಡು.

ಎಲ್ವಿಯೊ ಹಗ್ಗದ ನಡುಮಧ್ಯೆ ಹೋಗಿ ನಿಂತುಬಿಟ್ಟ. ಅವನು ಮುಂದಿನ ಗೂಟ ದಾಟದೆ ಅವಳು ಹೊರಡುವ ಹಾಗಿಲ್ಲ.

"ಏನ್ರೀ, ಬೇರು ಬಿಟ್ರಾ ಅಲ್ಲಿ?"

"ನೀನು 'ನೀನು' ಅನ್ನೋ ತನಕ ನಾನು ಅಲ್ಲಾಡಲ್ಲ."

"ಮಕ್ಕಳಿಗೆ ಪಾಠ ಹೇಳೋ ಮನುಷ್ಯ! ಮಕ್ಕಳಿಗಿಂತ ಕಡೆ."

"ಬೈಯಿ. ಆದ್ರೆ ಏಕವಚನದಲ್ಲಿ ಬೈಯಿ!"

ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು. ಬಂಡೆಗೆ ಕೆನ್ನೆ ಒತ್ತಿ ಕೂಗಿದಳು. "ಸೋಮವಾರ ಅಂಗಡೀಲಿ ನನ್ನನ್ನ ಯಾರೋ ಏನೋ ಅನ್ನೋ ಥರ ಮಾತಾಡಿಸಿದ್ರಲ್ಲ, ಅವತ್ತು ಎಲ್ಲಿ ಹೋಗಿತ್ತು ಈ ಏಕವಚನ?"

"ಅಂಗಡಿ ಕೆಳಗಿದೆ, ಓರ್ನೆಲ್ಲಾ!"

"ನಾನೂ ಕೆಳಗೇ ಇರೋದು! ಹಿಟ್ಟು ನಾದೋದು, ಜ್ವರ ಬಂದ್ರೆ ಮಲಗೋದು, ಮುದುಕಿ ಆಗೋದು, ಎಲ್ಲ ಕೆಳಗೇ! ಬರೀ ಭಾನುವಾರದ ಹುಡುಗಿ ಆಗಿರೋಕೆ ನನಗಿಷ್ಟ ಇಲ್ಲ!"

ಎಲ್ವಿಯೊ ಹಗ್ಗ ಬಿಗಿಹಿಡಿದು ಅವಳ ಕಡೆ ತಿರುಗಿದ. ಆಮೇಲೆ ಅವನ ದನಿ ಗಾಳಿಯಲ್ಲಿ ತಡವರಿಸುತ್ತಾ ಬಂತು.

"ಕೆಳಗೆ 'ನೀನು' ಅನ್ನೋಕೆ ಅಪ್ಪಣೆ ಕೊಡಬೇಕಾದವಳು ಹೆಂಗಸು. ನಮ್ಮಮ್ಮ ನನಗೆ ಕಲಿಸಿದ್ದು ಅದೇ. ಊರೆಲ್ಲ ನಿಂತಿರುವಾಗ ನಾನಾಗೇ ಅಂದ್ರೆ ನಿನ್ನ ಮರ್ಯಾದೆ ತೆಗೆದ ಹಾಗೆ. ಅದಕ್ಕೇ ಕಾಯ್ತಿದ್ದೆ. ದಿನಾ ಬ್ರೆಡ್ ತಗೊಳ್ಳೋಕೆ ಬರ್ತೀನಲ್ಲ, ಒಂಟಿ ಮನುಷ್ಯ, ಅಷ್ಟೊಂದು ಬ್ರೆಡ್ ತಿಂತೀನಾ? ಎಲ್ಲ ಜೆಮ್ಮಜ್ಜಿ ಕೋಳಿಗಳಿಗೆ ಹಾಕ್ತಿದ್ದೀನಿ!"

ಗಂಡಸು ಮೊದಲು ಬಾಯಿಬಿಡಲಿ ಎಂದು ಅವಳು ಕಾದಿದ್ದಳು. ಹೆಂಗಸು ಬಾಯಿಬಿಡಲಿ ಎಂದು ಅವನು. ಇಷ್ಟು ದಿನ ಕೋಳಿಗಳು ಮಾತ್ರ ಲಾಭ ಮಾಡಿಕೊಂಡಿದ್ದವು.

"ಒಂದು ಕೊಕ್ಕೆ ಹಾಕದೆ ಇನ್ನೊಂದನ್ನ ಬಿಚ್ಚಬಾರದು ಅಂತ ನೀನೇ ಅಲ್ವಾ ಪ್ರತಿ ಸಲ ಬೈಯೋದು?" ಎಂದ ಅವನು. "ನಿನ್ನ 'ನೀನು' ಸಿಗದೆ ಈ 'ನೀವು' ಬಿಚ್ಚೋಕೆ ನನಗೆ ಭಯ. ನಿನ್ನನ್ನೇ ಕಳ್ಕೊಂಡ್ರೆ?"

ಅವಳ ಎದೆ ತುಂಬಿ ಬಂತು. ಈ ಮನುಷ್ಯನನ್ನು ತಾನು ಎಷ್ಟು ಪ್ರೀತಿಸುತ್ತೇನೆಂದು ಅವಳಿಗೆ ಆಗಲೇ ನಿಚ್ಚಳವಾಗಿ ಗೊತ್ತಾದದ್ದು.

"ಮುಂದೆ ಹೋಗೋ ದಡ್ಡ," ಎಂದಳು ಮೆತ್ತಗೆ. "ನಾನು ಬರಬೇಕು ನಿನ್ನ ಹತ್ತಿರ."

ಅವನು ಅಷ್ಟು ಬೇಗ ಗೂಟ ದಾಟಿದ್ದನ್ನು ಅವಳು ಹಿಂದೆಂದೂ ನೋಡಿರಲಿಲ್ಲ.

ಆದರೆ ಕೆಳಗೆ ಊರಿನಲ್ಲಿ 'ನೀನು' ಅನ್ನುವ ಮಾತಿಗೆ ಅವಳು ಉತ್ತರವನ್ನೇ ಕೊಡಲಿಲ್ಲ. ಸ್ವಲ್ಪ ಒದ್ದಾಡಲಿ ಎಂದುಕೊಂಡಳು. ಇಳಿಯುವಾಗ ಇಬ್ಬರೂ ಕೆಂಪು ಗೆರೆ ದಾಟಿದರು. ಅಪ್ಪಣೆ ಸಿಕ್ಕಿತೋ ಇಲ್ಲವೋ ತಿಳಿಯದ ಎಲ್ವಿಯೊ ಇಕ್ಕಟ್ಟಿಗೆ ಬಿದ್ದ. ಅವನ ಮಾತುಗಳಿಂದ 'ನೀನು', 'ನೀವು' ಎರಡೂ ಮಾಯವಾದವು.

"ಇಲ್ಲಿ ಕಲ್ಲು ಜಾರುತ್ತೆ... ನೀರು ಬೇಕಾ?... ನಾಳೆ ಅಂಗಡಿ ತೆಗೆದಿರುತ್ತಾ?"

"ತೆಗೆದಿರುತ್ತೆ," ಎಂದಳು ಓರ್ನೆಲ್ಲಾ, ತುಟಿ ಕಚ್ಚಿಕೊಂಡು.

ಸೋಮವಾರ ಸಾಲು ಎಂದಿಗಿಂತ ಉದ್ದವಿತ್ತು. ಎಲ್ವಿಯೊನ ಸರದಿ ಬಂತು. ಅವನು ಬಾಯಿ ತೆರೆಯುವ ಮೊದಲೇ ಅವಳು ಕೈಗೆ ಅಂಟಿದ ಹಿಟ್ಟು ಒರೆಸಿಕೊಂಡು, ಅವನ ಕಣ್ಣನ್ನೇ ನೋಡುತ್ತಾ, ಇಡೀ ಊರಿಗೆ ಕೇಳುವ ಹಾಗೆ ಕೇಳಿದಳು.

"ಏನು ಬೇಕು ನಿನಗೆ?"

ಸಾಲಿನಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿದರು. ಎಲ್ವಿಯೊನ ಕಿವಿ, ಕೆನ್ನೆ, ಕುತ್ತಿಗೆ ಎಲ್ಲ ಕೆಂಪಾದವು. ಆಸರೆಗೆಂದು ಅವನು ಕೌಂಟರನ್ನು ಹಿಡಿದುಕೊಂಡ.

"ನೀನು," ಎಂದ.

ಬ್ರೆಡ್ಡಿನ ಮಾತು ಅವನಿಗೆ ಮರೆತೇಹೋಗಿತ್ತು. ಅವಳು ಕೌಂಟರಿನ ಮೇಲಿದ್ದ ಅವನ ಕೈಯನ್ನು ತನ್ನ ಬಿಸಿ ಕೈಯಿಂದ ಮುಚ್ಚಿದಳು.

ಹಿಂದಿನಿಂದ ಜೆಮ್ಮಜ್ಜಿ ಮೊಟ್ಟೆಬುಟ್ಟಿ ಕೆಳಗಿಟ್ಟು, ಸೆರಗಿಲ್ಲದಿದ್ದಕ್ಕೆ ತೋಳಿನಿಂದಲೇ ಕಣ್ಣೊರೆಸಿಕೊಂಡಳು.

"ಒಳ್ಳೇದಾಯ್ತು ಮಕ್ಕಳೇ," ಎಂದಳು. "ಆದ್ರೆ ಇನ್ಮೇಲೆ ನನ್ನ ಕೋಳಿಗಳಿಗೆ ಬ್ರೆಡ್ ಯಾರು ಹಾಕ್ತಾರೆ?"