ನೆಮ್ಮದಿಯ ಪಟ್ಟಿ

ಬಾಗಿಲ ಸಂದಿಗೆ ಸಿಕ್ಕ ಬೆರಳನ್ನು ಎಳೆದುಕೊಂಡು ಆರು ವರ್ಷದ ರೇಣವ್ವ ಬಾಯಿ ತೆರೆದಳು. ಕೂಗು ಹೊರಡುವ ಮೊದಲೇ ಅವಳ ಮಣಿಕಟ್ಟಿನ ಪಟ್ಟಿ ಹಸಿರಾಗಿ ಮಿನುಗಿತು. ನಾಡಿ, ಉಸಿರಿನ ತಳಮಳವನ್ನು ಗುರುತಿಸಿ, ನರಕ್ಕೆ ಸಣ್ಣ ವಿದ್ಯುತ್ ಮಿಡಿತ ಕಳಿಸಿ ಮಗುವನ್ನು ತಣ್ಣಗಾಗಿಸುವ ಪಟ್ಟಿ ಅದು. ೨೦೫೮ರಿಂದ ರಾಜ್ಯದ ಪ್ರತಿ ಒಂದನೇ ತರಗತಿಯಲ್ಲೂ ಕಟ್ಟುತ್ತಿದ್ದರು. ರೇಣವ್ವ ಸುಮ್ಮನೆ ಹೋಗಿ ತನ್ನ ಜಾಗದಲ್ಲಿ ಕೂತಳು. ಹಲಗೆಯ ಮೇಲೆ ಬರೆಯುತ್ತಿದ್ದ ಶಿಕ್ಷಕಿ ಜುಬೇದಾಗೆ ಏನೂ ಕೇಳಿಸಲಿಲ್ಲ.

ಬಿಸಿಯೂಟದ ಹೊತ್ತಿಗೆ ಹುಡುಗಿ ಎಡಗೈಯಲ್ಲಿ ಅನ್ನ ಕಲಸುತ್ತಿದ್ದುದನ್ನು ಕಂಡಾಗಲೇ ಜುಬೇದಾಗೆ ಗೊತ್ತಾದದ್ದು. ಬಲಗೈ ಬೆರಳು ಬದನೆಕಾಯಿಯಂತೆ ಊದಿ ಕಪ್ಪಾಗಿತ್ತು. ತುದಿ ಉಳಿಯುವುದು ಅನುಮಾನ ಎಂದರು ಡಾಕ್ಟರು.

ಸುದ್ದಿ ತಿಳಿದು ಮರುದಿನವೇ ತರಗತಿಗೆ ಬಂದರು ಡಾ. ಸುಧನ್ವ, ಪಟ್ಟಿಯನ್ನು ಕಂಡುಹಿಡಿದ ವಿಜ್ಞಾನಿ. ಜುಬೇದಾಗೆ ಮೈಯೆಲ್ಲ ಉರಿಯುತ್ತಿತ್ತು. ಮಕ್ಕಳ ಮನಸ್ಸು ಕಾಯುತ್ತೇವೆಂದು ಹೊರಟವರು ಮಕ್ಕಳ ಅಳುವನ್ನೇ ಕಸಿದುಕೊಂಡಿದ್ದರು.

"ಉಪಕರಣ ಸರಿಯಾಗೇ ಇದೆ, ಮೇಡಂ" ಎಂದರು ಸುಧನ್ವ. "ನೆಮ್ಮದಿಯಾಗಿರೋ ಮಗುವಿನ ನಾಡಿ, ಉಸಿರು ಹೇಗಿರುತ್ತೋ ಅದೇ ಸ್ಥಿತಿಗೆ ತರುತ್ತೆ."

"ಆ ನೆಮ್ಮದಿ ಎಲ್ಲಿ ಅಳತಿ ಮಾಡಿದ್ರಿ ನೀವು?"

"ನೂರಾರು ಶಾಲೆಗಳಲ್ಲಿ. ನಾವು ಒಳಗೆ ಕಾಲಿಟ್ಟರೆ ಒಂದು ಮಗುವೂ ಮಿಸುಕಾಡ್ತಿರಲಿಲ್ಲ. ಅಷ್ಟು ಶಾಂತವಾಗಿದ್ವು."

ಜುಬೇದಾಗೆ ಸಿಟ್ಟು ನೆತ್ತಿಗೇರಿತು.

"ಸಾಹೇಬ್ರು ಬರ್ತಾರಂದ್ರ ಮಕ್ಕಳಿಗೆ ಏನ್ ಹೇಳಿ ಕುಂದರಸ್ತಾರ, ಗೊತ್ತೈತೇನ್ರಿ? ಕೈ ಕಟ್ರಿ, ಬಾಯಿ ಮುಚ್ರಿ, ಪಿಟ್ಟಂದ್ರ ಬೆತ್ತ! ನೀವು ಅಳತಿ ಮಾಡಿದ್ದು ನೆಮ್ಮದಿ ಅಲ್ರಿ, ಅಂಜಿಕಿ. ಅದನ್ನ ಯಂತ್ರದಾಗ ತುಂಬಿ ಕೂಸುಗಳ ಕೈಗೆ ಕಟ್ಟೀರಿ!"

ಸುಧನ್ವ ಬೆರಳಿಗೆ ಬ್ಯಾಂಡೇಜ್ ಕಟ್ಟಿಕೊಂಡು ಕೂತಿದ್ದ ರೇಣವ್ವನ ಮಣಿಕಟ್ಟಿನ ಪಟ್ಟಿಯತ್ತ ನೋಡಿದರು. ಬೆದರಿ ಮರಗಟ್ಟಿದ ಜೀವಿಯ ನಾಡಿಯೂ ನಿಧಾನವಾಗುತ್ತದೆ ಎಂಬುದು ಅವರಿಗೆ ತಿಳಿಯದ ವಿಷಯವೇನಲ್ಲ. ಹತ್ತು ವರ್ಷದ ಸಂಶೋಧನೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು.

"ಬಿಚ್ಚಿಬಿಡಿ" ಎಂದರು ಕೊನೆಗೆ.

ಬಿಚ್ಚುವಷ್ಟು ತಾಳ್ಮೆ ಜುಬೇದಾಗೆ ಇರಲಿಲ್ಲ. ಕತ್ತರಿ ತಂದು ಒಂದೊಂದೇ ಪಟ್ಟಿ ಕತ್ತರಿಸಿ ಬಿಸಾಡಿದಳು. ರೇಣವ್ವನ ತುಟಿ ಅದುರಿತು. ನಿನ್ನೆಯ ಅಳು ಇವತ್ತು ಬಂತು. ಅದನ್ನು ಕಂಡು ಪಕ್ಕದವಳೂ ಅತ್ತಳು, ಹಿಂದಿನ ಸಾಲಿನಲ್ಲಿ ಯಾರೋ ಯಾರಿಗೋ ಗುದ್ದಿದರು, ತರಗತಿ ಸಂತೆಯಾಯಿತು. ಜುಬೇದಾ ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

"ಅಳು ನನ್ನವ್ವ, ಹೊಟ್ಟಿ ತುಂಬ ಅಳು."

"ಏನ್ ಗದ್ಲಲೇ ಅದು!" ಬಾಗಿಲಲ್ಲಿ ಹೆಡ್‌ಮಾಸ್ತರರು ಗುಡುಗಿದರು. "ಸಾಹೇಬ್ರು ಬಂದಾರ, ಕಾಣಂಗಿಲ್ಲೇನು? ಕೈ ಕಟ್ರಿ!"

ತರಗತಿ ಗಪ್‌ಚಿಪ್ಪಾಯಿತು. ಮಕ್ಕಳೆಲ್ಲ ಕೈ ಕಟ್ಟಿದರು. ರೇಣವ್ವನೂ ತೊಡೆಯಿಂದಿಳಿದು, ಬ್ಯಾಂಡೇಜಿನ ಬೆರಳನ್ನು ಕಂಕುಳಲ್ಲಿ ಅವುಚಿಕೊಂಡು ಬಾಯಿ ಮುಚ್ಚಿದಳು.

ಯಾರ ಮಣಿಕಟ್ಟಿನಲ್ಲೂ ಪಟ್ಟಿ ಇರಲಿಲ್ಲ.