ದೊಡ್ಡಮ್ಮನ ಸಹಿ

"ಎರಡು ಕಾಗದ ಮುಂದಿಟ್ಕೊಂಡು ಇನ್ನೂ ಅದೇನು ಯೋಚ್ನೆ ಮಾಡ್ತಿದೀಯ, ಇದಲೀನಾ? ನಿನ್ನ ಹೊಟ್ಟೇಲಿ ಹುಟ್ಟಿದ್ದು ಒಂದೇ ತಾನೆ!"

ಅಡುಗೆಮನೆಯ ಗೋಡೆಗೆ ಊರುಗೋಲು ಒರಗಿಸಿ ಕುಳಿತಿದ್ದ ಅತ್ತೆ ದಿಯೊಲಿಂಡಾ ಆಡಿದ ಮಾತು ಅದು. ಇದಲೀನಾ ಪೆನ್ನು ಕೈಗೆತ್ತಿಕೊಂಡಳು. ಮೇಜಿನ ಮೇಲೆ ಎರಡು ಕರಾರುಪತ್ರಗಳಿದ್ದವು. ಒಂದರಲ್ಲಿ ಮಗಳು ಮರೀಸಾಳ ಸಹಿ, ಇನ್ನೊಂದರಲ್ಲಿ ತೀರಿಕೊಂಡ ತಂಗಿ ಲುಸಿಂಡಾಳ ಮಗಳು ಜೇಲಿಯಾಳ ಸಹಿ. ಕೆಳಗೆ ಪೋಷಕರು ಸಹಿ ಹಾಕಬೇಕಾದ ಜಾಗ ಎರಡರಲ್ಲೂ ಖಾಲಿ. ಸೀಟು ಕೊಟ್ಟರೆ ಬೇರೆಲ್ಲ ಅರ್ಜಿಗಳನ್ನೂ ಹಿಂತೆಗೆದುಕೊಂಡು ನಿಮ್ಮಲ್ಲಿಗೇ ಬರುತ್ತೇವೆ ಎಂದು ಮೊದಲೇ ಮಾತು ಕೊಡುವ ಅರ್ಜಿ ಅದು. ಹಾಗೆ ಮಾತು ಕೊಡಬಹುದಾದದ್ದು ಒಂದೇ ವಿಶ್ವವಿದ್ಯಾಲಯಕ್ಕೆ. ಇಬ್ಬರು ಹುಡುಗಿಯರೂ ಆರಿಸಿಕೊಂಡದ್ದು ಅದೇ ಒಂದನ್ನು!

ಶಾಲೆಯಲ್ಲಿ ಇಂಥ ಅರ್ಜಿಗಳನ್ನು ನೋಡಿಕೊಳ್ಳುವ ಬ್ರೆನನ್ ಮೇಡಂ ಮುಚ್ಚುಮರೆಯಿಲ್ಲದೆ ಹೇಳಿದ್ದರು. "ನಮ್ಮ ಪುಟ್ಟ ಶಾಲೆಯಿಂದ ಮೊದಲ ಸುತ್ತಿನಲ್ಲಿ ಅವರು ಇಬ್ಬರನ್ನ ತಗೊಂಡಿದ್ದೇ ಇಲ್ಲ, ಇದಲೀನಾ. ಜೇಲಿಯಾ ಒಂದು ಕೂದಲೆಳೆ ಮುಂದಿದಾಳೆ." ಆ ಕೂದಲೆಳೆ ಅಂದಿನಿಂದ ಇದಲೀನಾಳ ಗಂಟಲಿನಲ್ಲಿ ಸಿಕ್ಕಿಕೊಂಡಿತ್ತು. ಗಂಡ ಸಮುದ್ರದ ಮೇಲೆ ಮೀನಿನ ದೋಣಿಯಲ್ಲಿದ್ದ. ಅಮೆರಿಕದ ಕರಾವಳಿಯಲ್ಲಿದ್ದ ತಮ್ಮ ಊರು ನ್ಯೂ ಬೆಡ್‌ಫರ್ಡಿಗೆ ಅವನು ಮರಳಲು ಇನ್ನೂ ವಾರ ಬೇಕು. ಕೇಳೋಣವೆಂದರೆ ಯಾರಿದ್ದಾರೆ?

ಅಂದು ನವೆಂಬರ್ ಒಂದು, ಸಕಲ ಸಂತರ ಹಬ್ಬ. ಬೆಳಿಗ್ಗೆ ತಾನೇ ಸೇವಂತಿಗೆ ಹಿಡಿದು ಲುಸಿಂಡಾಳ ಸಮಾಧಿಗೆ ಹೋಗಿಬಂದಿದ್ದಳು. "ಅಕ್ಕಾ, ನನ್ನ ಮಗು..." ಎಂದು ಅರ್ಧದಲ್ಲೇ ನಿಂತುಹೋದ ತಂಗಿಯ ಕೊನೆಯ ಮಾತಿಗೆ ಅವಳು ಹನ್ನೊಂದು ವರ್ಷ ಉತ್ತರ ಕೊಡುತ್ತಲೇ ಬಂದಿದ್ದಳು. ದಿನವೂ ಬೆಳಿಗ್ಗೆ ಇಬ್ಬರು ಮಕ್ಕಳ ಜಡೆ ಹೆಣೆಯುವಾಗ ಮೊದಲು ತಾಯಿಯಿಲ್ಲದವಳದು, ಆಮೇಲೆ ತನ್ನವಳದು. ಅಂಥ ಹೆಂಗಸು ಈಗ ಮರೀಸಾಳ ಕಾಗದಕ್ಕೆ ಸಹಿ ಹಾಕಿದಳು. ಇನ್ನೊಂದನ್ನು ಎಳೆದುಕೊಂಡಳು... ಪೆನ್ನು ಕಾಗದದ ಮೇಲಿಟ್ಟಳು... ಆಗಲಿಲ್ಲ! ಎದ್ದು, ರೊಟ್ಟಿಯ ಹಿಟ್ಟಿಗೆ ಹೊದಿಸುವ ಬಟ್ಟೆಗಳ ಡ್ರಾಯರ್ ಎಳೆದು, ಬಟ್ಟೆಗಳ ಅಡಿಗೆ ಆ ಕಾಗದವನ್ನು ತಳ್ಳಿದಳು. ಕೊನೆಯ ಗಡುವಾದ ಅಂದಿನ ಮೂರು ಗಂಟೆಯೊಳಗೆ ಶಾಲೆಗೆ ತಲುಪಿದ್ದು ಒಂದೇ ಕಾಗದ.

ಸಂಜೆ ಹುಡುಗಿಯರು ಬಂದಾಗ ಅವಳು ಹಬ್ಬದ ಸಿಹಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು.

"ಎರಡೂ ಕೊಟ್ಟೆಯಾ ದೊಡ್ಡಮ್ಮ?" ಎಂದಳು ಜೇಲಿಯಾ.

"ಕೊಟ್ಟೆ ಕಣೇ."

"ನನ್ನ ಬಂಗಾರದ ದೊಡ್ಡಮ್ಮ! ತಾಳು, ಬಟ್ಟೆ ನಾನು ತರ್ತೀನಿ."

ಇದಲೀನಾ ಬೇಡವೆನ್ನುವಷ್ಟರಲ್ಲಿ ಹುಡುಗಿ ಡ್ರಾಯರ್ ಮುಂದೆ ಕುಳಿತಾಗಿತ್ತು. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಒಂದು ಬಟ್ಟೆ ತೆಗೆಯಲು ಅಷ್ಟು ಹೊತ್ತು ಬೇಕೇ? ಆದರೆ ಜೇಲಿಯಾ ಎದ್ದು ಬಂದು ಹಿಟ್ಟಿಗೆ ಬಟ್ಟೆ ಹೊದಿಸಿ, ಎಂದಿನಂತೆ ಅದರ ಮೇಲೆ ಶಿಲುಬೆಯ ಗುರುತು ಮಾಡಿದಳು. ಸದ್ಯ, ನೋಡಲಿಲ್ಲ ಎಂದು ಇದಲೀನಾ ಉಸಿರು ಬಿಟ್ಟಳು.

ಮರುದಿನ ಊಟದ ಹೊತ್ತಿಗೆ ಜೇಲಿಯಾ ತಾನಾಗಿ ಬಾಯಿಬಿಟ್ಟಳು. "ನನ್ನ ಅರ್ಜಿ ಹಿಂದಕ್ಕೆ ತಗೊಂಡೆ. ಇಷ್ಟು ಬೇಗ ಕೈಕಾಲು ಕಟ್ಟಿಸ್ಕೊಳ್ಳೋದು ಯಾಕೆ? ಎಲ್ಲರ ಜೊತೆ ಆಮೇಲಿನ ಸುತ್ತಿಗೆ ನೋಡ್ತೀನಿ."

"ಹುಚ್ಚಿ! ನನಗೋಸ್ಕರ ತಾನೆ?" ಎಂದು ಮರೀಸಾ ಅವಳ ಕುತ್ತಿಗೆಗೆ ಜೋತುಬಿದ್ದು ಅತ್ತಳು.

"ನಿನಗೋಸ್ಕರ ಯಾರಾದ್ರೂ ಏನಾದ್ರೂ ಬಿಡ್ತಾರೇನೇ? ಸಾರು ಆರೋಗತ್ತೆ, ತಿನ್ನು," ಎಂದು ಜೇಲಿಯಾ ನಕ್ಕಳು. ಅಜ್ಜಿ ತಲೆಯಾಡಿಸಿ ಮೆಚ್ಚಿದಳು. ಇದಲೀನಾ ಮಾತ್ರ ಏಕೆಂದು ಕೇಳಲಿಲ್ಲ. ದೇವರೇ ತನ್ನ ತಪ್ಪಿನ ಮೇಲೆ ಸೆರಗು ಮುಚ್ಚಿದ ಎಂದುಕೊಂಡಳು. ಮನುಷ್ಯರು ತಮಗೆ ಬೇಕಾದ್ದನ್ನು ಎಷ್ಟು ಬೇಗ ನಂಬುತ್ತಾರೆ! ಅಂದಿನಿಂದ ಆ ಡ್ರಾಯರ್ ಮಾತ್ರ ಅವಳು ತೆರೆಯಲಿಲ್ಲ. ಹಿಟ್ಟಿಗೆ ಹಳೆಯ ಟವೆಲ್ ಹೊದಿಸತೊಡಗಿದಳು.

ಡಿಸೆಂಬರ್ ನಡುವೆ ಒಂದು ಸಂಜೆ ಐದಕ್ಕೆ ಫಲಿತಾಂಶ ಬಂತು. ಮರೀಸಾಗೆ ಸೀಟು ಸಿಕ್ಕಿತ್ತು! ಕುಣಿದವಳು ಜೇಲಿಯಾ, ಬೀದಿಗೆಲ್ಲ ಕೇಳುವಂತೆ ಕೂಗಿದವಳೂ ಅವಳೇ. ಆ ಗದ್ದಲದ ನಡುವೆ ಬ್ರೆನನ್ ಮೇಡಂ ಫೋನ್ ಮಾಡಿದರು.

"ನಿಮ್ಮ ತಂಗಿ ಮಗಳು ನೆನಪಾಗಿ ಸಂಕಟ ಆಗತ್ತೆ, ಇದಲೀನಾ. ಗಡುವು ಮುಗಿದ ಮರುದಿನ ಬೆಳಿಗ್ಗೆ ಅವಳನ್ನ ಕೇಳ್ದೆ, ನಿಮ್ಮ ದೊಡ್ಡಮ್ಮನ ಸಹಿ ಬಂದಿಲ್ವಲ್ಲಮ್ಮ, ನಾನು ಫೋನ್ ಮಾಡ್ತೀನಿ, ಒಂದು ದಿನ ತಡ ಆದ್ರೂ ನಡೆಯತ್ತೆ ಅಂತ. ನನ್ನ ಕೈ ಹಿಡ್ಕೊಂಡುಬಿಟ್ಲು. ದಯವಿಟ್ಟು ನಮ್ಮ ದೊಡ್ಡಮ್ಮನ್ನ ಏನೂ ಕೇಳಬೇಡಿ ಅಂದ್ಲು..."

ಇದಲೀನಾ ಫೋನ್ ಕೆಳಗಿಟ್ಟಳು. ನಡೆದುಹೋಗಿ ಡ್ರಾಯರ್ ಎಳೆದಳು. ಬಟ್ಟೆಗಳ ಅಡಿಯಲ್ಲಿ ಕಾಗದ ಹಾಗೇ ಇತ್ತು. ಆದರೆ ಜೇಲಿಯಾ ತನ್ನ ಸಹಿಯ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ನವೆಂಬರ್ ಒಂದು ಎಂದು ಬರೆದಿದ್ದಳು. ಯಾರಾದರೂ ಎಂದಾದರೂ ಕಂಡರೆ, ಹುಡುಗಿಯೇ ಬೇಡವೆಂದು ಹೊಡೆದುಹಾಕಿದ್ದಾಳೆ ಎಂದುಕೊಳ್ಳಲಿ ಎಂದು!

ಇದಲೀನಾ ಕಾಗದ ಹಿಡಿದು ಅಲ್ಲೇ ನೆಲದ ಮೇಲೆ ಕುಳಿತಳು. "ನಾನು ಪಾಪಿ... ಲುಸಿಂಡಾ, ನಾನು ಪಾಪಿ ಕಣೇ!" ಎಲ್ಲರೂ ಓಡಿಬಂದರು. ಬಿಕ್ಕುತ್ತಲೇ ಅವಳು ಎಲ್ಲವನ್ನೂ ಹೇಳಿದಳು. ಮರೀಸಾಳ ಮುಖ ಬಿಳಿಚಿತು.

"ನಾನು ಹೋಗಲ್ಲ! ಇಂಥ ಸೀಟು ನನಗೆ ಬೇಡ ಅಮ್ಮ! ಹೇಗಮ್ಮ ಮನಸ್ಸು ಬಂತು ನಿನಗೆ?"

"ಹೋಗ್ಲೇಬೇಕು," ಎಂದಳು ಜೇಲಿಯಾ. "ಮಾತು ಕೊಟ್ಟಿದೀಯ. ನೀನು ಬಿಟ್ರೆ ಅದು ನನಗೇನೂ ಬರಲ್ಲ."

"ಇದನ್ನೆಲ್ಲ ಹೇಳಿಕೊಟ್ಟಿದ್ದು ನೀವೇ ಅತ್ತೆ!" ಎಂದು ಇದಲೀನಾ ಚೀರಿದಳು.

ದಿಯೊಲಿಂಡಾ ಊರುಗೋಲನ್ನು ನೆಲಕ್ಕೆ ಊರಿ ಮುಂದಕ್ಕೆ ಬಾಗಿದಳು. "ಹೌದು, ನಾನು ಬಾಯಿಗೆ ಬಂದಿದ್ದು ಆಡ್ದೆ. ಮೂವತ್ತು ವರ್ಷದಿಂದ ಆಡ್ತಾನೇ ಇದೀನಿ. ಒಂದು ದಿನವಾದ್ರೂ ನನ್ನ ಮಾತು ಕೇಳಿದ್ದೆಯಾ? ಇದೊಂದನ್ನ ಯಾಕೆ ಕೇಳ್ದೆ?"

ಜೇಲಿಯಾ ಬಂದು ಇದಲೀನಾಳ ಪಕ್ಕ ನೆಲದ ಮೇಲೆ ಕುಳಿತಳು.

"ನೋವಾಗಿಲ್ಲ ಅಂತ ಸುಳ್ಳು ಹೇಳಲ್ಲ ದೊಡ್ಡಮ್ಮ. ಆವತ್ತು ಡ್ರಾಯರ್ ಮುಂದೆ ಆ ಖಾಲಿ ಜಾಗಾನೇ ನೋಡ್ತಾ ಕೂತಿದ್ದೆ... ಆಮೇಲೆ ಅಂದ್ಕೊಂಡೆ, ಹನ್ನೊಂದು ವರ್ಷ ನನ್ನ ಜಡೇನೇ ಮೊದಲು ಹೆಣೆದೆ. ಒಂದು ದಿನ ಅವಳದು ಮೊದಲಾಯ್ತು."

"ಆಮೇಲಿನ ಸುತ್ತಿಗೆ ಜನವರಿವರೆಗೂ ಸಮಯ ಇದೆ ಮಗಳೇ... ಅಲ್ಲಿಗೇ ಅರ್ಜಿ ಹಾಕು. ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ!"

"ಹಾಕ್ತೀನಿ. ಆದ್ರೆ ಆ ಸುತ್ತಿಗೆ ನಿನ್ನ ಸಹಿ ಬೇಕಾಗಲ್ಲ," ಎಂದಳು ಜೇಲಿಯಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಇದಲೀನಾ ಹೇಗೋ ತಡೆದುಕೊಳ್ಳುತ್ತಿದ್ದಳು.

ಮಾರ್ಚ್ ಕೊನೆಯಲ್ಲಿ ಆ ವಿಶ್ವವಿದ್ಯಾಲಯ ಜೇಲಿಯಾಗೆ ಇಲ್ಲ ಎಂದಿತು. ಊರಿನ ಪಕ್ಕದ ಸರ್ಕಾರಿ ಕಾಲೇಜು ಬಾ ಎಂದಿತು. ದಿನವೂ ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬರಬಹುದು. ಮರೀಸಾ ಎರಡು ದಿನ ಊಟ ಬಿಟ್ಟಳು. ಜೇಲಿಯಾ ಬಾಗಿಲು ಹಾಕಿಕೊಂಡು ಒಂದು ಮಧ್ಯಾಹ್ನ ಅತ್ತಳು. ಆ ಅಳುವನ್ನು ಇದಲೀನಾ ಹೊರಗೆ ನಿಂತು ಪೂರ್ತಿಯಾಗಿ ಕೇಳಿಸಿಕೊಂಡಳು. ಕದ ತಟ್ಟುವ ಹಕ್ಕು ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು.

ಈಸ್ಟರ್‌ಗೆ ಹಿಂದಿನ ದಿನ ಇದಲೀನಾ ಒಬ್ಬಳೇ ಹಿಟ್ಟು ನಾದುತ್ತಿದ್ದಾಗ ಜೇಲಿಯಾ ಒಳಗೆ ಬಂದಳು. ಡ್ರಾಯರ್ ಎಳೆದು ಬಟ್ಟೆ ತೆಗೆದು ಹಿಟ್ಟಿಗೆ ಹೊದಿಸಿದಳು. ಆಮೇಲೆ ಮೇಜಿನ ಮೇಲೆ ಒಂದು ಕಾಗದ, ಒಂದು ಪೆನ್ನು ಇಟ್ಟಳು. ಕಾಲೇಜಿಗೆ ಕಳುಹಿಸಬೇಕಾದ ಆರೋಗ್ಯದ ಫಾರಂ ಅದು.

"ಹದಿನೆಂಟು ತುಂಬೋಕೆ ಇನ್ನೂ ಆಗಸ್ಟ್ ಬರಬೇಕು. ಇದಕ್ಕೆ ನಿನ್ನ ಸಹಿ ಬೇಕು, ದೊಡ್ಡಮ್ಮ."

ಇದಲೀನಾ ಕೈ ತೊಳೆಯುವುದನ್ನೂ ಮರೆತು ಪೆನ್ನು ಹಿಡಿದಳು. ಹಿಟ್ಟಿನ ಬೆರಳುಗಳಲ್ಲಿ, ಕಣ್ಣೀರು ತುಂಬಿ ಏನೂ ಕಾಣದಿದ್ದರೂ, ತನ್ನ ಹೆಸರಿನ ಒಂದಕ್ಷರವೂ ಬಿಡದೆ ಪೂರ್ತಿಯಾಗಿ ಬರೆದಳು.